ಸಂತೆಯ ಕಲ್ಲುಪ್ಪು ಬಸುರಿಗೆ ಸಾಕಾ?

ಪ್ರಶ್ನೆ: ಡಾಕ್ಟರೇ, ನಾನು ಐದು ತಿಂಗಳ ಬಸುರಿ. ನಮ್ಮತ್ತೆ ಮೊದಲಿಂದಲೂ ಸಂತೆಯಲ್ಲಿ ಮೂಟೆಯಿಂದ ಅಳೆದು ಕೊಡುವ ಕಲ್ಲುಪ್ಪನ್ನೇ ತರುತ್ತಾರೆ. ಅದು ಸಮುದ್ರದ್ದು, ಪ್ಯಾಕೆಟ್ ಉಪ್ಪಿಗೆ ಕೆಮಿಕಲ್ ಹಾಕಿರ್ತಾರೆ ಅನ್ನುತ್ತಾರೆ. ಆಶಾ ಕಾರ್ಯಕರ್ತೆ ಅಯೋಡಿನ್ ಉಪ್ಪೇ ತಿನ್ನಿ ಅಂದರು. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಬೇರೆ ಜಾಸ್ತಿ. ಎರಡೂ ಸೇರಿದರೆ ತೊಂದರೆ ಆಗಲ್ವಾ? ಅಯೋಡಿನ್ ಇಲ್ಲದ ಉಪ್ಪು ಮಾರುವ ಹಾಗಿಲ್ಲ ಅಂತಾರೆ. ಮತ್ತೆ ಸಂತೆಯಲ್ಲಿ ಹೇಗೆ ಸಿಗುತ್ತೆ?
– ಓದುಗರು, ಪಾವಗಡ ತಾಲ್ಲೂಕು

ಉತ್ತರ: ಇವತ್ತೇ ಉಪ್ಪು ಬದಲಾಯಿಸಿ, ತಾಯಿ. ಆಶಾ ಕಾರ್ಯಕರ್ತೆ ಹೇಳಿದ್ದು ಸರಿ.

ಸಮುದ್ರದ ಉಪ್ಪಾದರೆ ಅಯೋಡಿನ್ ಇದ್ದೇ ಇರುತ್ತದೆ ಅಂತ ನಿಮ್ಮತ್ತೆಯ ಹಾಗೆ ತುಂಬ ಜನ ನಂಬಿದ್ದಾರೆ. ಆದರೆ ನೀರು ಆರಿ ಹರಳುಗಟ್ಟಿದ ಉಪ್ಪಿನಲ್ಲಿ ಅದು ಇಲ್ಲವೆನ್ನುವಷ್ಟು ಕಮ್ಮಿ. ಅದಕ್ಕೇ ಪೊಟ್ಯಾಸಿಯಂ ಅಯೋಡೇಟ್ ಸೇರಿಸುತ್ತಾರೆ. ನಿಮ್ಮತ್ತೆ ಕೆಮಿಕಲ್ ಅನ್ನುವುದು ಇದನ್ನೇ ಇರಬೇಕು. ಅಂಗಡಿಯಲ್ಲಿ ಮಾರುವ ಒಂದು ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಒಬ್ಬ ಮನುಷ್ಯನಿಗೆ ಇಡೀ ಆಯಸ್ಸಿಗೆ ಬೇಕಾಗುವ ಅಯೋಡಿನ್ ಒಂದು ಟೀ ಚಮಚದಷ್ಟು. ಆದರೆ ದೇಹ ಅದನ್ನು ಕೂಡಿಟ್ಟುಕೊಳ್ಳುವುದು ಸ್ವಲ್ಪವೇ. ಹಾಗಾಗಿ ದಿನಾ ಸಿಗಬೇಕು. ಬಸುರಿಯರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು, ಉಳಿದವರಿಗಿಂತ ಜಾಸ್ತಿ. ಮಗುವಿನ ಮೆದುಳು ಬೆಳೆಯುವುದಕ್ಕೆ ಥೈರಾಯ್ಡ್ ಹಾರ್ಮೋನ್ ಬೇಕು, ಅದು ತಯಾರಾಗುವುದೇ ಅಯೋಡಿನ್‌ನಿಂದ. ಹಾಗಂತ ಉಪ್ಪನ್ನೇ ಜಾಸ್ತಿ ತಿನ್ನಬೇಡಿ. ದಿನಕ್ಕೆ 5 ಗ್ರಾಂ ಒಳಗಿರಲಿ. ಹಾಲು, ಮೊಸರು, ಮೊಟ್ಟೆಯಿಂದಲೂ ಒಂದಿಷ್ಟು ಸಿಗುತ್ತದೆ.

ಇದನ್ನು ನಮ್ಮ ದೇಶದಲ್ಲೇ ಮಾಡಿ ನೋಡಿದ್ದಾರೆ. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಉಪ್ಪು ಕೊಟ್ಟು ವರ್ಷಗಟ್ಟಲೆ ಗಮನಿಸಿದರು. ಕುತ್ತಿಗೆ ಊದುವ ಗಳಗಂಡ ಅಲ್ಲಿ ಕಮ್ಮಿಯಾಯಿತು. ಇದು ಬರೀ ಬೆಟ್ಟದ ಸೀಮೆಯ ಕಾಯಿಲೆಯೂ ಅಲ್ಲ, ಬಯಲಿನಲ್ಲೂ ಇದೆ.

ಫ್ಲೋರೈಡ್‌ಗೂ ಅಯೋಡಿನ್‌ಗೂ ಹೆಸರು ಒಂದೇ ಥರ ಕೇಳಿಸುತ್ತದೆ, ಅಷ್ಟೇ. ಒಂದು ನೀರಿನಲ್ಲಿ ಹೆಚ್ಚಾಗಿ ಹಲ್ಲು, ಮೂಳೆ ಕೆಡಿಸುತ್ತದೆ. ಇನ್ನೊಂದು ಊಟದಲ್ಲಿ ಕಮ್ಮಿಯಾಗಿ ತೊಂದರೆ ಕೊಡುತ್ತದೆ. ಅಯೋಡಿನ್ ಉಪ್ಪಿನಿಂದ ಫ್ಲೋರೈಡ್ ತೊಂದರೆ ಹೆಚ್ಚುವುದಿಲ್ಲ. ಕುಡಿಯೋಕೆ, ಅಡುಗೆಗೆ ಊರಿನ ಶುದ್ಧ ನೀರಿನ ಘಟಕದ ನೀರು ತನ್ನಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಇನ್ನು ಸಂತೆಯ ಮಾತು. ಜನ ತಿನ್ನುವುದಕ್ಕೆ ಅಯೋಡಿನ್ ಇಲ್ಲದ ಉಪ್ಪು ಮಾರುವುದನ್ನು 2006ರ ಮೇ 17ರಿಂದ ದೇಶಾದ್ಯಂತ ನಿಷೇಧಿಸಲಾಯಿತು. 2011ರ ಆಹಾರ ಸುರಕ್ಷತಾ ನಿಯಮದಲ್ಲೂ ಅದೇ ಇದೆ. ಆದರೆ ದನಕರುಗಳಿಗೆ, ಕಾರ್ಖಾನೆಗೆ ಬೇಕಾದ ಉಪ್ಪಿಗೆ ವಿನಾಯಿತಿ ಉಂಟು. ಅದು ಯಾವುದಕ್ಕೆ ಅಂತ ಚೀಲದ ಮೇಲೆ ಬರೆದಿರಬೇಕು. ಸಂತೆಯಲ್ಲಿ ಮೂಟೆಯ ಬಾಯಿ ಮಡಚಿದರೆ ಆ ಬರಹ ಯಾರಿಗೆ ಕಾಣುತ್ತೆ? ದನಕ್ಕೆ ಒಯ್ಯುವವರಿಗೂ ಸಾರಿಗೆ ಹಾಕುವವರಿಗೂ ಅದೇ ಮೂಟೆ, ಅದೇ ಸೇರು. ಬಿಸಿಲಲ್ಲಿ ಕೂತು ಮಾರುವವರನ್ನಷ್ಟೇ ಹಿಡಿದರೆ ಪ್ರಯೋಜನವಿಲ್ಲ. ಅವರಿಗೆ ಮೂಟೆ ಕೊಡುವ ಸಗಟು ಮಳಿಗೆಯಲ್ಲೇ ತಪಾಸಣೆ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೂರು ಕೊಡಬೇಕಿದ್ದರೆ ತುಮಕೂರಿನಲ್ಲಿ ಜಿಲ್ಲಾ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಕೊಡಿ. ಕೊಂಡವರೇ ಶುಲ್ಕ ಕಟ್ಟಿ ಉಪ್ಪು ಪರೀಕ್ಷೆ ಮಾಡಿಸುವುದಕ್ಕೂ ಕಾನೂನಿನಲ್ಲಿ ಅವಕಾಶವಿದೆ.

ನಿಮ್ಮತ್ತೆಗೆ ಕಲ್ಲುಪ್ಪೇ ಬೇಕಾದರೆ ಬೇಜಾರು ಮಾಡಿಸಬೇಡಿ. ಅಯೋಡಿನ್ ಸೇರಿಸಿದ ಕಲ್ಲುಪ್ಪು ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಪ್ಯಾಕೆಟ್ ಮೇಲೆ ಅಯೋಡಿನ್ ಉಪ್ಪು ಅಂತ ಬರೆದಿದೆಯಾ, 14 ಅಂಕಿಯ ಪರವಾನಗಿ ಸಂಖ್ಯೆ ಇದೆಯಾ ನೋಡಿ. ಒಲೆಯಿಂದ ದೂರ, ಮುಚ್ಚಳದ ಡಬ್ಬಿಯಲ್ಲಿಡಿ. ಉಳಿದ ಸಂತೆ ಉಪ್ಪು ದನದ ಕಲಗಚ್ಚಿಗೆ ಆಗುತ್ತದೆ.

ಐದು ತಿಂಗಳು ಹೀಗೇ ಕಳೆಯಿತಲ್ಲ ಅಂತ ಹೆದರಬೇಡಿ. ಮುಂದಿನ ಸಲ ತಾಯಿ ಕಾರ್ಡ್ ಹಿಡಿದು ಹೋದಾಗ ಈ ವಿಷಯ ಡಾಕ್ಟರಿಗೆ ಹೇಳಿ, ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯಾ ಅಂತ ಕೇಳಿ. ಆಗಿಲ್ಲದಿದ್ದರೆ ಮಾಡಿಸಿಕೊಳ್ಳಿ.