ಅನಾಮಲಿ ಸ್ಕ್ಯಾನ್ ನಾರ್ಮಲ್ ಇದ್ದರೂ ಫೀಟಲ್ ಎಕೋ ಬೇಕಾ?

ಐದನೇ ತಿಂಗಳ ಸ್ಕ್ಯಾನ್ ನಾರ್ಮಲ್ ಬಂದಿದೆ, ಆದರೂ ಬಸುರಿಯಾಗುವ ಮುಂಚಿನಿಂದ ಶುಗರ್ ಇದೆ ಅಂತ ಡಾಕ್ಟರ್ ಫೀಟಲ್ ಎಕೋ (ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್) ಬರೆದಿದ್ದಾರೆ, ಇದು ಸುಮ್ನೆ ದುಡ್ಡು ಮಾಡೋ ದಾರಿನಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಈ ‘ನಾರ್ಮಲ್’ ಅನ್ನೋ ಮಾತನ್ನು ನಂಬಿ ಪೆಟ್ಟು ತಿಂದವಳು. ಮಾಡಿಸಿಕೊಳ್ಳಿ.

ನನ್ನ ಮೊದಲ ಮಗನ ರಿಪೋರ್ಟಿನಲ್ಲೂ ಹೃದಯದ ನಾಲ್ಕು ಕೋಣೆ ಸರಿಯಾಗಿವೆ ಅಂತಲೇ ಇತ್ತು. ಹುಟ್ಟಿದಾಗ ಮೂರು ಕೇಜಿ, ಜೋರು ಅಳು. ಸಂಜೆ ಹೊತ್ತಿಗೆ ನಮ್ಮತ್ತೆ, ‘ಮಗು ಯಾಕೋ ಕಪ್ಪಾಗ್ತಿದೆ ನೋಡೇ’ ಅಂದರು. ತುಟಿ, ಉಗುರೆಲ್ಲ ನೇರಳೆ ಹಣ್ಣು ತಿಂದ ಹಾಗೆ. ಆಕ್ಸಿಜನ್ ಇಟ್ಟರೂ ಬಣ್ಣ ತಿರುಗಲಿಲ್ಲ.

ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು. ಮೈಯಿಂದ ಬಂದ ಕೆಟ್ಟ ರಕ್ತ ಮತ್ತೆ ಮೈಗೇ ಹೋಗುತ್ತಿತ್ತು, ಶ್ವಾಸಕೋಶದಿಂದ ಬಂದದ್ದು ಮತ್ತೆ ಶ್ವಾಸಕೋಶಕ್ಕೇ. ಹೊಟ್ಟೆಯೊಳಗೆ ಮಗುವಿಗೆ ಇದರಿಂದ ತೊಂದರೆಯೇ ಆಗುವುದಿಲ್ಲ, ಅಲ್ಲಿ ಆಕ್ಸಿಜನ್ ಬರೋದು ಮಾಸಿನಿಂದ ಅಲ್ವಾ. ಹುಟ್ಟಿದ ಮೇಲೆ ಆ ಎರಡು ನಾಳಗಳ ನಡುವಿನ ಸಣ್ಣ ಕೊಳವೆ ಮುಚ್ಚತೊಡಗಿದಾಗ ಕಷ್ಟ ಶುರು. ಅದು ಮುಚ್ಚದಿರಲಿ ಅಂತ ಪ್ರೊಸ್ಟಾಗ್ಲಾಂಡಿನ್ ಡ್ರಿಪ್ ಹಾಕಿ, ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ನಮ್ಮೆಜಮಾನರು ಮಗುವಿನ ಜೊತೆ ಹೋದರು. ಹಸಿ ಹೊಲಿಗೆ ಇಟ್ಟುಕೊಂಡು ನಾನು ಊರಲ್ಲೇ. 9ನೇ ದಿನ ನಾಳಗಳನ್ನು ಕತ್ತರಿಸಿ, ಜಾಗ ಬದಲಿಸಿ ಹೊಲಿದರು. 1975ರಲ್ಲಿ ಬ್ರೆಜಿಲ್‌ನ ಅದಿಬ್ ಜತೆನೆ ಎಂಬ ಸರ್ಜನ್ ಮೊದಲ ಸಲ ಗೆದ್ದ ಆಪರೇಷನ್ ಅದು. ಮಗ ಈಗ ಎರಡನೇ ಕ್ಲಾಸು, ಮರ ಹತ್ತಬೇಡ ಅಂದರೆ ಕೇಳಲ್ಲ.

ಸ್ಕ್ಯಾನ್ ಮಾಡಿದವರು ಸುಳ್ಳು ಬರೆದಿರಲಿಲ್ಲ. ಕೋಣೆಗಳು ನಿಜಕ್ಕೂ ಸರಿಯಾಗಿದ್ದವು. ಎಡವಟ್ಟು ಇದ್ದದ್ದು ಹೊರಬಾಗಿಲಲ್ಲಿ, ಅಲ್ಲಿ ಯಾರೂ ಇಣುಕಿರಲಿಲ್ಲ.

ಎರಡನೇ ಸಲ 21ನೇ ವಾರಕ್ಕೇ ಎಕೋಗೆ ಹೋದೆ. ಮಗು ಬೆನ್ನು ಮೇಲೆ ಮಾಡಿಕೊಂಡಿತ್ತು, ಬೆನ್ನುಮೂಳೆಯ ನೆರಳು ಹೃದಯದ ಮೇಲೆಯೇ. ‘ಸ್ವಲ್ಪ ಓಡಾಡಿ ಬನ್ನಿ ಅಮ್ಮಾ’ ಅಂದರು ಡಾಕ್ಟರ್. ಕಾರಿಡಾರಿನಲ್ಲಿ ಎಂಟು ಸುತ್ತು ಹಾಕಿ ಬಂದ ಮೇಲೆ ಕಂಡಿತು. ಹೆಬ್ಬೆರಳ ಉಗುರಿನಷ್ಟು ಹೃದಯ, ನಿಮಿಷಕ್ಕೆ 148 ಬಡಿತ. ನಾಲ್ಕು ಕೋಣೆ ನೋಡಿ ಆದ ಮೇಲೆ ಪ್ರೋಬನ್ನು (ಹೊಟ್ಟೆ ಮೇಲಿಡುವ ಸ್ಕ್ಯಾನ್ ಸಲಕರಣೆ) ಮಗುವಿನ ತಲೆಯ ಕಡೆಗೆ ಒಂಚೂರು ವಾಲಿಸಿದರು. ‘ನೋಡಿ, ಒಂದು ನಾಳ ಇನ್ನೊಂದನ್ನು ಅಡ್ಡ ಹಾಯ್ತಿದೆ. ಹೀಗೇ ಇರಬೇಕು. ರೈಲು ಹಳಿ ಥರ ಜೋಡಿಯಾಗಿ ಹೋದರೆ ತೊಂದರೆ.’ ಪ್ರೋಬ್ ವಾಲಿಸಿದ್ದು ಅಷ್ಟೇ. ಮೊದಲ ಸಲ ಆಗದೇ ಹೋದದ್ದೂ ಅಷ್ಟೇ.

ಈಗ ಶುಗರ್ ಕಂಟ್ರೋಲಿನಲ್ಲಿದೆಯಲ್ಲ ಅಂತ ನಿಮಗೆ ಅನಿಸಬಹುದು. ಹೃದಯ ರೂಪುಗೊಳ್ಳೋದು ಮೊದಲ ಎರಡೂವರೆ ತಿಂಗಳೊಳಗೆ. ಆಗ ಶುಗರ್ ಹೆಚ್ಚಿದ್ದರೆ ಹೃದಯ ಸರಿಯಾಗಿ ರೂಪುಗೊಳ್ಳದೆ ಹೋಗಬಹುದು, ಅದಕ್ಕೇ ಆಗಿನ ಶುಗರ್ ಲೆಕ್ಕಕ್ಕೆ ಬರುತ್ತದೆ. ಎಕೋ ಅಂದರೆ ಅಲ್ಟ್ರಾಸೌಂಡ್, ಎಕ್ಸ್‌ರೇ ಅಲ್ಲ, ಮಗುವಿಗೆ ವಿಕಿರಣದ ಭಯ ಇಲ್ಲ.

ಎಕೋದಲ್ಲೂ ಎಲ್ಲ ಕಾಣುವುದಿಲ್ಲ. ಸಣ್ಣ ತೂತುಗಳು ತಪ್ಪಿಹೋಗಬಹುದು. ಮೇಲಿನ ಕೋಣೆಗಳ ನಡುವಿನ ಕಿಂಡಿ, ನಾನು ಹೇಳಿದ ಆ ಕೊಳವೆ, ಇವೆರಡೂ ಹೊಟ್ಟೆಯಲ್ಲಿರುವ ಎಲ್ಲ ಮಕ್ಕಳಿಗೂ ತೆರೆದೇ ಇರುತ್ತವೆ. ಹುಟ್ಟಿದ ಮೇಲೆ ಮುಚ್ಚುತ್ತವೋ ಇಲ್ಲವೋ ಅಂತ ಈಗಲೇ ಹೇಳಲಾಗದು. ಹೆರಿಗೆಯಾದ ಮೇಲೆ ಮಗುವಿನ ಕೈಗೂ ಕಾಲಿಗೂ ಪಲ್ಸ್ ಆಕ್ಸಿಮೀಟರ್ (ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಸಾಧನ) ಹಾಕಿ ನೋಡಿ ಅಂತ ನೀವೇ ಕೇಳಿ.

ಎಕೋದಲ್ಲಿ ಏನಾದರೂ ತೊಂದರೆ ಸಿಕ್ಕರೆ, ಮಕ್ಕಳ ಹೃದಯದ ಆಪರೇಷನ್ ಮಾಡುವ ಆಸ್ಪತ್ರೆ ಇರುವ ಊರಲ್ಲೇ ಹೆರಿಗೆ ಇಟ್ಟುಕೊಳ್ಳಿ. ನಮಗೆ ಮುಂಚೆಯೇ ಗೊತ್ತಿದ್ದಿದ್ದರೆ ಆ ರಾತ್ರಿಯ ಆಂಬುಲೆನ್ಸ್ ಬೇಕಿರಲಿಲ್ಲ. ಖರ್ಚಿನ ಚಿಂತೆ ಇದ್ದರೆ ಸರ್ಕಾರದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆ, ಚಿಕಿತ್ಸೆಯ) ಯೋಜನೆ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಹುಟ್ಟಿನಿಂದ ಬಂದ ಹೃದಯದ ತೊಂದರೆ ಅದರಲ್ಲಿ ಸೇರಿದೆ.

24 ವಾರ ದಾಟುವವರೆಗೆ ಕಾಯಬೇಡಿ. ತಿಂಡಿ ತಿಂದೇ ಹೋಗಿ, ಮಗು ತಿರುಗಲಿಲ್ಲ ಅಂದರೆ ಗಂಟೆಗಟ್ಟಲೆ ಆಗಬಹುದು. ಗಂಡಾ ಹೆಣ್ಣಾ ಅಂತ ಮಾತ್ರ ಕೇಳಬೇಡಿ, ಅದನ್ನು ತಿಳಿಯಲು ಬಯಸುವುದಿಲ್ಲ ಅನ್ನೋ ಫಾರ್ಮ್ ಎಫ್‌ಗೆ ಸಹಿ ಹಾಕಿಸಿಕೊಂಡೇ ಒಳಗೆ ಬಿಡೋದು.