ಸಂಪಾದಕರ ಉತ್ತರ: ಡೊಂಬಿವಲಿಯ ಓದುಗರಿಗೆ

ಮಾನ್ಯರೇ,

ಬೆಳಗಿನ 4ಕ್ಕೆ ಎದ್ದು ವ್ಯಾಯಾಮ, ಧ್ಯಾನ ಮುಗಿಸಿ, ಲೋಕಲ್ ರೈಲಿನಲ್ಲಿ ಪುಸ್ತಕಗಳ ಸಾರಾಂಶವನ್ನು ಇಮ್ಮಡಿ ವೇಗದಲ್ಲಿ ಕೇಳುತ್ತ, 10,000 ಹೆಜ್ಜೆ ತಪ್ಪದಂತೆ ನಡೆದು, ರಾತ್ರಿ ಡೈರಿಯಲ್ಲಿ ನಿಮಗೆ ನೀವೇ ಅಂಕ ಕೊಟ್ಟುಕೊಳ್ಳುತ್ತೀರೆಂದೂ, ಇಷ್ಟಾದರೂ ಮೂರು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲದೆ ಸಣ್ಣ ಮಾತಿಗೂ ಸಿಡುಕುವಂತಾಗಿದೆಯೆಂದೂ ಬರೆದಿದ್ದೀರಿ. ಇನ್ನೇನನ್ನು ಸರಿಪಡಿಸಿಕೊಳ್ಳಬೇಕೆಂಬುದು ನಿಮ್ಮ ಪ್ರಶ್ನೆ. ಹೊಸದಾಗಿ ಏನನ್ನೂ ಸೇರಿಸಬೇಡಿ, ಇರುವುದರಲ್ಲೇ ಕೆಲವನ್ನು ಬಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಗಾಡಿ ಹಿಡಿದು ಮನೆ ಸೇರುವಾಗ ಒಂಬತ್ತೂವರೆ, ಮಲಗುವಾಗ ಹನ್ನೊಂದು ಎಂದಿದ್ದೀರಿ. ಹೊರಳಾಡದೆ ನಿದ್ದೆ ಬಂದರೂ ನಿಮಗೆ ಸಿಗುವುದು ಐದೇ ಗಂಟೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಬೆಳಗಾದೊಡನೆ ಕೈಯ ಸ್ಮಾರ್ಟ್ ಗಡಿಯಾರದಲ್ಲಿ ನೀವು ನೋಡುವ ನಿದ್ದೆಯ ಅಂಕವಾದರೋ, ಕೈಯ ಚಲನೆ ಮತ್ತು ನಾಡಿಬಡಿತದಿಂದ ಆ ಗಡಿಯಾರ ಕಟ್ಟುವ ಅಂದಾಜು ಮಾತ್ರ. ಮಿದುಳಿನ ತರಂಗಗಳನ್ನು ಅಳೆಯುವ ಪ್ರಯೋಗಾಲಯದ ಪರೀಕ್ಷೆಯೇ ಬೇರೆ. ಇಂಥ ಅಂಕಗಳ ಚಿಂತೆಯಲ್ಲಿ ಇದ್ದ ನಿದ್ದೆಯನ್ನೂ ಕಳೆದುಕೊಳ್ಳುವ ಸ್ಥಿತಿಯನ್ನು 2017ರಲ್ಲಿ ಅಮೆರಿಕದ ಸಂಶೋಧಕರು ‘ಆರ್ಥೋಸೋಮ್ನಿಯಾ’ ಎಂದು ಕರೆದರು. ಅವರು ವರದಿ ಮಾಡಿದವರಲ್ಲಿ ಒಬ್ಬರು, ಪ್ರಯೋಗಾಲಯದಲ್ಲಿ ಗಾಢ ನಿದ್ದೆ ಕಂಡುಬಂದಿದ್ದರೂ, ಕೈಪಟ್ಟಿ ಹೇಳಿದ್ದನ್ನೇ ನಂಬಿದ್ದರಂತೆ.

10,000 ಹೆಜ್ಜೆಯ ಗುರಿಯೂ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಮಾರಾಟಕ್ಕೆ ಬಂದ, ಹೆಜ್ಜೆ ಎಣಿಸುವ ಸಾಧನವೊಂದರ ಮೂಲಕ ಆ ಸಂಖ್ಯೆ ಜನಪ್ರಿಯವಾಯಿತು. ಸರಾಸರಿ 72 ವರ್ಷದ ಅಮೆರಿಕನ್ ಮಹಿಳೆಯರ ಕುರಿತ 2019ರ ಅಧ್ಯಯನದಲ್ಲಿ ಸುಮಾರು 7,500 ಹೆಜ್ಜೆಗಳ ಆಚೆಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ನಿಮ್ಮ ವಯಸ್ಸಿಗೆ ಆ ಲೆಕ್ಕ ಹಾಗೆಯೇ ಒಪ್ಪದಿದ್ದರೂ, 10,000ಕ್ಕೆ ನೂರು ಕಡಿಮೆಯಾದರೆ ದಿನವೇ ಹಾಳಾಯಿತೆಂದು ಕೊರಗಲು ಕಾರಣವಿಲ್ಲ.

ನಿಮ್ಮ ಪತ್ರದ ಒಂದು ವಾಕ್ಯ ನನ್ನನ್ನು ಬಹಳ ಕಾಡಿತು. ರಾತ್ರಿ ಹತ್ತೂವರೆಗೆ, 800 ಹೆಜ್ಜೆ ಬಾಕಿಯಿದೆಯೆಂದು ನೀವು ಕಟ್ಟಡದ ಪ್ಯಾಸೇಜಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾಗ, ಬಿಡಿಸಿದ ಚಿತ್ರ ತೋರಿಸಲು ಬಾಗಿಲಲ್ಲಿ ಕಾದಿದ್ದ ಮಗಳು ಅಲ್ಲಿಯೇ ಒರಗಿ ನಿದ್ದೆಹೋದಳೆಂದು ಬರೆದಿದ್ದೀರಿ. ಅಂದಿನ ಡೈರಿಯಲ್ಲಿ ನಿಮಗೆ ಪೂರ್ಣಾಂಕ ಬಿದ್ದಿತ್ತು. ಉತ್ತಮ ತಂದೆಯಾಗಬೇಕೆಂದೇ ಈ ಶಿಸ್ತು ಹಿಡಿದವರಿಗೆ ಆ ಅಂಕ ಏನನ್ನು ಅಳೆಯಿತು?

ಭಾನುವಾರದ ಯಕ್ಷಗಾನ ತರಗತಿಯನ್ನು ‘ಸಮಯ ವ್ಯರ್ಥ’ವೆಂದು ಬಿಟ್ಟದ್ದೂ ನನಗೆ ನೋವು ತಂದಿತು. ತಾಳ ತಪ್ಪಿದಲ್ಲಿ ಭಾಗವತರು ತಡೆದು ತಿದ್ದುತ್ತಿದ್ದರು. ತರಗತಿ ಮುಗಿದ ಮೇಲೆ ಎಲ್ಲರೂ ಕೂಡಿ ಚಹಾ ಕುಡಿಯುತ್ತಿದ್ದಿರಿ. ಅಲ್ಲಿ ನಿಮ್ಮನ್ನು ತಿದ್ದುವವರೂ ಇದ್ದರು, ಇವತ್ತಿಗೆ ಸಾಕು ಎನ್ನುವವರೂ ಇದ್ದರು. ಈಗ ಪರೀಕ್ಷೆ ಬರೆಯುವವರೂ ಮೌಲ್ಯಮಾಪಕರೂ ನೀವೊಬ್ಬರೇ ಆಗಿರುವುದರಿಂದ, ಸಾಕೆಂದು ಹೇಳುವವರೇ ಇಲ್ಲವಾಗಿದ್ದಾರೆ.

ಆದ್ದರಿಂದ ರಾತ್ರಿ ಗಡಿಯಾರ ಬಿಚ್ಚಿಡಿ, ಅಂಕಗಳ ಡೈರಿಯನ್ನು ನಿಲ್ಲಿಸಿ, 6ಕ್ಕೆ ಏಳಿ, ವ್ಯಾಯಾಮವನ್ನು ಇಷ್ಟವಾದಷ್ಟು ಮಾಡಿ, ಭಾನುವಾರ ತರಗತಿಗೆ ಹೋಗಿ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಡುತ್ತ ಮೂರು ತಿಂಗಳು ಕಳೆದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆಯೆಂದು ಪರಿಗಣಿಸುತ್ತಾರೆ. ನಿಮ್ಮದು ಆ ಅವಧಿಯನ್ನು ಮುಟ್ಟಿರುವುದರಿಂದ, ಇನ್ನೊಂದು ಆ್ಯಪ್ ಹುಡುಕದೆ ಈ ವಾರವೇ ವೈದ್ಯರನ್ನು ಕಾಣಿರಿ.

— ಸಂಪಾದಕ