ಸೀಲು ಹೋಯಿತು, ಬಿಲ್ಲು ಯಾರಿಗೆ?

ಪ್ರಶ್ನೆ: ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಬೇಸಿಗೆಗೆ ನಾನೂ ಅಮ್ಮನೂ ಹೊರಟಿದ್ದೇವೆ. ಯೂರೋಪಿನಲ್ಲಿ ಈಗ ಪಾಸ್‌ಪೋರ್ಟಿಗೆ ಸೀಲು ಹೊಡೆಯೋಲ್ವಂತೆ. ಮುಖ, ಬೆರಳು ತಗೋತಾರಂತೆ. ಇಡೀ ಖಂಡಕ್ಕೆ ಇದನ್ನು ಹಾಕಲು ಎಷ್ಟು ಖರ್ಚಾಗಿರಬಹುದು? ಅದನ್ನು ನಮ್ಮಿಂದಲೇ ವಸೂಲಿ ಮಾಡುತ್ತಾರಾ? ಅಮ್ಮನ ಬೆರಳು ರೇಷನ್ ಅಂಗಡಿಯ ಯಂತ್ರಕ್ಕೇ ಬರಲ್ಲ, ಅಲ್ಲಿ ಏನು ಗತಿ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮಗೆ ಕೊನೆಯ ಪ್ರಶ್ನೆಯೇ ಮುಖ್ಯ ಅಂತ ಗೊತ್ತು. ಆದರೂ ದುಡ್ಡಿನ ಮಾತು ಮೊದಲು ಆಡುತ್ತೇನೆ. ಇಪ್ಪತ್ತೆಂಟು ವರ್ಷ ಸಹಕಾರ ಸಂಘಗಳ ಆಡಿಟ್ ಮಾಡಿದವನು, ಚಟ ಬಿಡೋಲ್ಲ.

ಈ ವ್ಯವಸ್ಥೆಗೆ ಎಂಟ್ರಿ ಎಕ್ಸಿಟ್ ಸಿಸ್ಟಂ ಅಂತ ಹೆಸರು. 29 ದೇಶಗಳು ಸೇರಿ ಮಾಡಿದ್ದು. 2017ರಲ್ಲಿ ಕಾನೂನು ಆದಾಗ ಯೂರೋಪಿಯನ್ ಯೂನಿಯನ್ ಬಜೆಟ್ಟಿನಿಂದ ಇಟ್ಟ ಹಣ ಸುಮಾರು 48 ಕೋಟಿ ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೆ 4,800 ಕೋಟಿ ರೂಪಾಯಿ. ಇದರ ಕಂಪ್ಯೂಟರ್ ವ್ಯವಸ್ಥೆ ಕಟ್ಟಲು ಐಬಿಎಂ, ಅಟೋಸ್, ಲಿಯೊನಾರ್ಡೊ ಕಂಪನಿಗಳಿಗೆ 14 ಕೋಟಿ 20 ಲಕ್ಷ ಯೂರೋ ಗುತ್ತಿಗೆ ಕೊಟ್ಟರು. ಬೆರಳು, ಮುಖ ಹೋಲಿಸಿ ನೋಡುವ ಭಾಗಕ್ಕೆ ಐಡೆಮಿಯಾ ಮತ್ತು ಸೋಪ್ರಾ ಸ್ಟೇರಿಯಾಗೆ ಇನ್ನೂ 30 ಕೋಟಿ 20 ಲಕ್ಷ. ಇದನ್ನು ವೀಸಾದಂಥ ಬೇರೆ ವ್ಯವಸ್ಥೆಗಳೂ ಬಳಸುತ್ತವೆ. ಹಾಗಾಗಿ ಪೂರ್ತಿ ಇದರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಇಷ್ಟೇನಾ ಖರ್ಚು? ಅಲ್ಲ. ಹಿಂದೆ ನಾನು ಒಂದು ಹಳ್ಳಿಯ ಹಾಲಿನ ಡೈರಿ ಆಡಿಟ್‌ಗೆ ಹೋಗಿದ್ದೆ. ಕಂಪ್ಯೂಟರ್ ತೂಕದ ಯಂತ್ರ ಬಂದ ವರ್ಷ ಅದು. ಯಂತ್ರದ ಬಿಲ್ಲು ಫೈಲಿನಲ್ಲಿ ಸರಿಯಾಗಿತ್ತು. ಅದನ್ನಿಡಲು ಕಟ್ಟಿಸಿದ ಕಟ್ಟೆ, ಯುಪಿಎಸ್ ಬ್ಯಾಟರಿ, ಬಟನ್ ಒತ್ತಲು ಬಂದ ಹುಡುಗನ ಸಂಬಳ, ಎಲ್ಲ ಬೇರೆ ಬೇರೆ ಖಾತೆಯಲ್ಲಿ ಅಡಗಿದ್ದವು. ಮೊದಲ ಮೂರು ತಿಂಗಳು ಯಂತ್ರದ ಚೀಟಿಯೂ ಬೇಕು, ಹಳೇ ಪುಸ್ತಕದಲ್ಲೂ ಬರೆಯಬೇಕು. ಬೆಳಗ್ಗೆ ಆರಕ್ಕೆ ಕ್ಯಾನು ಹಿಡಿದು ನಿಂತ ಹೆಂಗಸರ ಸಾಲು ರಸ್ತೆಗೆ ಬಂದಿತ್ತು. ಅವರು ಕಾದ ಹೊತ್ತನ್ನು ಬರೆಯಲು ಯಾವ ಖಾತೆಯೂ ಇರಲಿಲ್ಲ.

ಯೂರೋಪಿನಲ್ಲಿ ಆದದ್ದೂ ಇದೇ. 2025ರ ಅಕ್ಟೋಬರ್ 12ಕ್ಕೆ ಶುರುವಾಯಿತು. ಎಲ್ಲ ಗಡಿಗೂ ಬರಲು 2026ರ ಏಪ್ರಿಲ್ 10ರ ಗಡುವು ಇತ್ತು. ಈ ನಡುವಿನ ಆರು ತಿಂಗಳು ಫೋಟೋನೂ ತೆಗೆಯಬೇಕಿತ್ತು, ಸೀಲೂ ಹೊಡೆಯಬೇಕಿತ್ತು. ಗಡಿಯಲ್ಲಿ ಹಿಡಿಯುವ ಸಮಯ ಶೇ 70ರವರೆಗೂ ಜಾಸ್ತಿಯಾಗಿದೆ ಅಂತ ವಿಮಾನ ನಿಲ್ದಾಣಗಳ ಸಂಘವೇ ಆ ಡಿಸೆಂಬರ್‌ನಲ್ಲಿ ಹೇಳಿತು. ಲಿಸ್ಬನ್‌ನಲ್ಲಿ ಸಾಲು ಎಷ್ಟು ಬೆಳೆಯಿತೆಂದರೆ, ಪೋರ್ಚುಗಲ್ ಸರ್ಕಾರ ಅಲ್ಲಿ ಮೂರು ತಿಂಗಳು ಇದನ್ನೇ ನಿಲ್ಲಿಸಿತು. ಅದಕ್ಕೂ ಮುಂಚೆ 2024ರ ನವೆಂಬರ್ 10 ಅಂತ ದಿನ ಗೊತ್ತು ಮಾಡಿದ್ದರು. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ 'ನಾವಿನ್ನೂ ರೆಡಿ ಇಲ್ಲ' ಅಂದವು. ಮುಹೂರ್ತ ಮುಂದಕ್ಕೆ ಹೋದರೆ ಚಪ್ಪರದವನ ಬಾಡಿಗೆ ನಿಲ್ಲುತ್ತದಾ?

ನನಗೆ ಅತಿ ತಮಾಷೆ ಅನಿಸಿದ್ದು ಬ್ರಿಟನ್ ಕಥೆ. ಅವರು ಯೂನಿಯನ್ ಬಿಟ್ಟೇ ಹೋದವರು. ಆದರೆ ಡೋವರ್ ಬಂದರು, ಫೋಕ್‌ಸ್ಟನ್‌ನಿಂದ ಸಮುದ್ರದಡಿ ಫ್ರಾನ್ಸಿಗೆ ಹೋಗುವ ಸುರಂಗ, ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣ, ಈ ಮೂರು ಕಡೆ ಫ್ರೆಂಚ್ ಪೊಲೀಸರು ಬ್ರಿಟನ್ ನೆಲದಲ್ಲೇ ತಪಾಸಣೆ ಮಾಡುತ್ತಾರೆ. ಹಾಗಾಗಿ ಯಂತ್ರ ಇಡಲು ಜಾಗ ಮಾಡಿಕೊಡೋದು ಇವರ ಪಾಲಿಗೆ ಬಂತು. ಮೂರಕ್ಕೂ ತಲಾ 35 ಲಕ್ಷ ಪೌಂಡ್ ಬ್ರಿಟಿಷ್ ಸರ್ಕಾರವೇ ಕೊಟ್ಟಿತು. ಅದು ಎಲ್ಲಿ ಸಾಲುತ್ತೆ? ಸುರಂಗದ ಕಂಪನಿ ಒಂದೇ ಎರಡು ದಡದಲ್ಲೂ ಸೇರಿ ಸುಮಾರು 8 ಕೋಟಿ ಯೂರೋ ಸುರಿಯಿತು. ಆ 48 ಕೋಟಿಯ ಲೆಕ್ಕದಲ್ಲಿ ಇದು ಸೇರಿಲ್ಲ. ಒಟ್ಟು ಎಷ್ಟು ಅಂತ ನೀವು ಕೇಳಿದ್ದಕ್ಕೆ ನಾನು ಒಂದೇ ಅಂಕಿ ಕೊಡದಿರುವುದು ಇದಕ್ಕೇ.

ಇನ್ನು ನಿಮ್ಮ ಜೇಬು. ಗಡಿಯಲ್ಲಿ ಈ ನೋಂದಣಿಗೆ ಶುಲ್ಕವಿಲ್ಲ. ವೀಸಾ ಶುಲ್ಕ 2024ರ ಜೂನ್‌ನಲ್ಲಿ 80ರಿಂದ 90 ಯೂರೋ ಆಯಿತು, ಅದಕ್ಕೆ ಕೊಟ್ಟ ಕಾರಣ ಬೆಲೆ ಏರಿಕೆ. 20 ಯೂರೋದ ಆನ್‌ಲೈನ್ ಅನುಮತಿ ಅಂತ ಇನ್ನೊಂದು ಕೇಳಿರಬಹುದು. ಅದು ವೀಸಾ ಬೇಡದ ದೇಶದವರಿಗೆ, ನಮಗಲ್ಲ.

ಅಮ್ಮನ ಬೆರಳಿನ ವಿಷಯ. ನಮ್ಮ ದೇಶದಲ್ಲಿ ಷೆಂಗೆನ್ ವೀಸಾಕ್ಕೆ (ಈ 29 ದೇಶಗಳಿಗೂ ನಡೆಯುವ ಒಂದೇ ವೀಸಾ) 2015ರ ನವೆಂಬರ್‌ನಿಂದಲೇ ಹತ್ತೂ ಬೆರಳು ತೆಗೆದುಕೊಳ್ಳುತ್ತಾರೆ. ಅದಾಗಲೇ ಅವರ ವೀಸಾ ದಾಖಲೆಯಲ್ಲಿರುವುದರಿಂದ ಗಡಿಯಲ್ಲಿ ಹೊಸದಾಗಿ ಸೇರುವುದು ಮುಖದ ಫೋಟೋ ಮಾತ್ರ. ಬೆರಳನ್ನು ಹೋಲಿಸಿ ನೋಡಬಹುದು. ದೈಹಿಕವಾಗಿ ಬೆರಳಚ್ಚು ಕೊಡಲು ಆಗದವರಿಗೆ ಕಾನೂನಿನಲ್ಲೇ ವಿನಾಯಿತಿ ಇದೆ. ಕೊಬ್ಬರಿ ಸುಲಿದು ಸವೆದ ಬೆರಳಾದರೆ ವೀಸಾ ಕೇಂದ್ರದಲ್ಲೇ ಹೇಳಿಬಿಡಿ, ನಾಚಿಕೆ ಬೇಡ.

ಒಂದು ಎಚ್ಚರ. 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಅದೂ ನಿಮ್ಮ ವೀಸಾದಲ್ಲಿ ಅಷ್ಟು ದಿನ ಕೊಟ್ಟಿದ್ದರೆ. ಮೊದಲು ಮಸುಕಾದ ಸೀಲು ನೋಡಿ ಎಣಿಸುತ್ತಿದ್ದರು, ಈಗ ಕಂಪ್ಯೂಟರ್ ಎಣಿಸುತ್ತದೆ. ಮೊಮ್ಮಗುವಿನ ಹುಟ್ಟುಹಬ್ಬ ಅಂತ ಎರಡು ದಿನ ಜಾಸ್ತಿ ಉಳಿದರೂ ದಾಖಲೆಯಾಗುತ್ತದೆ.

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಹೋಗುವುದಾದರೆ ಈ ಕೆಲಸವೆಲ್ಲ ಅಲ್ಲೇ, ಮ್ಯೂನಿಕ್‌ನಲ್ಲಲ್ಲ. ನಾನಾದರೆ ನಡುವೆ ನಾಲ್ಕು ಗಂಟೆ ಇಟ್ಟುಕೊಳ್ಳುತ್ತೇನೆ. ಅಮ್ಮನಿಗೆ ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಬರೆಸಿ.